ಸೊಂಟ ಮೊದಲು, ಕೈ ಆಮೇಲೆ

ಗಾಲ್ಫ್ ಅಂದ್ರೆ ನಮ್ಮ ಕ್ಲಾಸ್‌ನಲ್ಲಿ ಬಹಳ ಜನರಿಗೆ ನೆನಪಾಗೋದು ದೊಡ್ಡ ಕಾರು, ಇಸ್ತ್ರಿ ಮಾಡಿದ ಟೀ ಶರ್ಟು, ಕಾಂಪೌಂಡ್ ಆಚೆಗಿನ ಹಸಿರು ಹುಲ್ಲು. ನನಗೆ ನೆನಪಾಗೋದು ನಮ್ಮ ಸೋದರಮಾವ. ಅವರು ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಸುಮಾರು ಮೂವತ್ತು ವರ್ಷದಿಂದ ಕ್ಯಾಡಿ. ಬೇರೆಯವರ ಬ್ಯಾಗ್ ಹೊತ್ತು ಹದಿನೆಂಟು ಹೋಲ್ ನಡೆಯೋದು, ಚೆಂಡು ಹುಡುಕೋದು, ಕೇಳಿದರೆ ಮಾತ್ರ ಸಲಹೆ ಕೊಡೋದು ಅವರ ಕೆಲಸ. ಸೋಮವಾರ ಕ್ಯಾಡಿಗಳಿಗೆ ಆಡೋಕೆ ಬಿಡ್ತಾರೆ. ಎರಡನೇ ವರ್ಷದ ರಜೆಯಲ್ಲಿ ಅಂಥ ಸೋಮವಾರಗಳಂದೇ ನಾನು ಮಾವನ ಹಿಂದೆ ಹೋಗಿ ಸ್ಟಿಕ್ ಹಿಡಿದದ್ದು. ಪುಸ್ತಕದಲ್ಲಿ ಅದಕ್ಕೆ ಕ್ಲಬ್ ಅಂತಾರೆ, ಮಾವನ ಬಾಯಲ್ಲಿ ಅದು ಸ್ಟಿಕ್ಕೇ.

ಹೊಸದಾಗಿ ಆಡುವ ಬಲಗೈಯವರಲ್ಲಿ ಬಹುಪಾಲು ಜನರಿಗೆ ಬರುವ ಕಾಯಿಲೆ ಒಂದೇ. ಚೆಂಡು ಸ್ವಲ್ಪ ದೂರ ನೇರ ಹೋಗಿ, ಆಮೇಲೆ ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗಿ ಮರಗಳ ಕಡೆ ಹೊರಟುಬಿಡುತ್ತೆ. ಇದಕ್ಕೆ ಸ್ಲೈಸ್ ಅಂತ ಹೆಸರು. ನನ್ನದೂ ಹಾಗೇ ಹೋಗ್ತಿತ್ತು. ಹತ್ತು ವರ್ಷ ಗಲ್ಲಿ ಕ್ರಿಕೆಟ್ ಆಡಿದವನು, ಜಿಮ್‌ಗೆ ಹೋಗುವವನು, ಇಪ್ಪತ್ತರ ವಯಸ್ಸು. ಮಾವನಿಗೆ ಐವತ್ತು ದಾಟಿದೆ, ತೂಕ ನನಗಿಂತ ಕಮ್ಮಿ. ಆದರೂ ಅವರ ಚೆಂಡು ನನ್ನದನ್ನು ದಾಟಿ ಬಹಳ ಮುಂದೆ ಹೋಗಿ ಬೀಳ್ತಿತ್ತು, ಅದೂ ನೇರವಾಗಿ.

ಯಾಕೆ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ ಇಷ್ಟೇ: “ಏನಳಿಯ, ನಿನ್ ಕೈಗೆ ಬಲೇ ಅವಸರ. ಸೊಂಟ ಮೊದ್ಲು, ಕೈ ಆಮೇಲೆ.”

ಎಂಜಿನಿಯರಿಂಗ್ ಓದುವವನಿಗೆ ಇಷ್ಟಕ್ಕೆ ಸಮಾಧಾನ ಆಗುತ್ತಾ? ಲೆಕ್ಕ ಹಾಕೋಕೆ ಕೂತೆ.

ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ, ವ್ಯಾಸ ಕನಿಷ್ಠ 42.67 ಮಿಲಿಮೀಟರ್. ಸ್ಟಿಕ್ಕಿನ ಮುಖಕ್ಕೂ ಚೆಂಡಿಗೂ ಇರುವ ಸಂಪರ್ಕ ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು. ಆ ಒಂದು ಕ್ಷಣದಲ್ಲಿ ಎರಡು ಕೋನಗಳು ಎಲ್ಲವನ್ನೂ ತೀರ್ಮಾನ ಮಾಡ್ತವೆ. ಮುಖ ಯಾವ ಕಡೆ ನೋಡ್ತಿದೆಯೋ ಚೆಂಡು ಹೆಚ್ಚುಕಮ್ಮಿ ಆ ಕಡೆಗೇ ಹೊರಡುತ್ತೆ. ಸ್ಟಿಕ್ಕಿನ ತಲೆ ಸಾಗುತ್ತಿರುವ ದಾರಿಗೂ ಮುಖದ ದಿಕ್ಕಿಗೂ ಎಷ್ಟು ವ್ಯತ್ಯಾಸ ಇದೆಯೋ ಅಷ್ಟು ಚೆಂಡಿನ ತಿರುಗಣಿ ಓರೆಯಾಗುತ್ತೆ, ಗಾಳಿಯಲ್ಲಿ ಅಷ್ಟು ಬಾಗುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಮ್ಯಾಗ್ನಸ್ ಪರಿಣಾಮವೇ ಇದು. ಬರೀ ದಿಕ್ಕು 2 ಡಿಗ್ರಿ ತಪ್ಪಿದರೂ 200 ಮೀಟರ್ ದೂರದಲ್ಲಿ ಸುಮಾರು 7 ಮೀಟರ್ ಆಚೆ ಬೀಳುತ್ತೆ. ಬಾಗುವಿಕೆ ಸೇರಿದರೆ ಚೆಂಡನ್ನು ಮರದ ಬುಡದಲ್ಲೇ ಹುಡುಕಬೇಕು.

ಸ್ಲೈಸ್ ಹೊಡೆಯುವವನ ಸ್ಟಿಕ್ ಬರೋದು ಹೊರಗಿನಿಂದ ಒಳಕ್ಕೆ. ಅಂದರೆ ಚೆಂಡಿನ ಆಚೆ ಬದಿಯಿಂದ ತನ್ನ ಕಾಲಿನ ಕಡೆಗೆ, ಎಡಕ್ಕೆ ಸೀಳಿಕೊಂಡು ಬರುತ್ತೆ. ಮುಖ ಆ ದಾರಿಗೆ ಹೋಲಿಸಿದರೆ ಬಲಕ್ಕೆ ತೆರೆದಿರುತ್ತೆ. ತಮಾಷೆ ಇರೋದು ಇಲ್ಲಿ: ಚೆಂಡು ಬಲಕ್ಕೆ ಹೋಯ್ತು ಅಂತ ನಾವು ಇನ್ನೂ ಎಡಕ್ಕೆ ಬೀಸ್ತೀವಿ. ಆಗ ವ್ಯತ್ಯಾಸ ಇನ್ನೂ ಹೆಚ್ಚಾಗಿ ಚೆಂಡು ಇನ್ನೂ ಬಲಕ್ಕೆ ಬಾಗುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಗೊತ್ತಾಗಿರಬೇಕು, ಇದು ಪಕ್ಕಾ ಪಾಸಿಟಿವ್ ಫೀಡ್‌ಬ್ಯಾಕ್.

ಹಾಗಾದರೆ ಸ್ಟಿಕ್ ಕೆಳಗೆ ಬರುವಾಗ ಕೈಯಿಂದ ದಾರಿ ಸರಿಮಾಡಬಹುದಲ್ಲ? ಆಗಲ್ಲ. ಮೇಲಿಂದ ಚೆಂಡಿನವರೆಗೆ ಬರೋಕೆ ಬೇಕಾಗೋದು ಸುಮಾರು ಕಾಲು ಸೆಕೆಂಡು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸೋಕೇ ಹತ್ತಿರ ಹತ್ತಿರ ಅಷ್ಟು ಹೊತ್ತು ಬೇಕು. ಕೆಳಗೆ ಬರೋಕೆ ಶುರುವಾದ ಮೇಲೆ ನಾವು ಬರೀ ಪ್ರೇಕ್ಷಕರು. ಸರಿಮಾಡೋದಿದ್ದರೆ ಶುರುವಿನಲ್ಲೇ, ಯಾವುದು ಮೊದಲು ತಿರುಗುತ್ತೆ ಅನ್ನೋದರಲ್ಲೇ ಮಾಡಬೇಕು.

ಸ್ಟಿಕ್ ಮೇಲೆತ್ತಿದಾಗ ಭುಜ ಸುಮಾರು 90 ಡಿಗ್ರಿ ತಿರುಗಿದರೆ ಸೊಂಟ ಸುಮಾರು 45 ಡಿಗ್ರಿ. ಈ ವ್ಯತ್ಯಾಸದಲ್ಲಿ ಮೈ ಹಿಂಡಿದ ಬಟ್ಟೆಯ ಹಾಗೆ ಬಿಗಿಯಾಗಿರುತ್ತೆ. ಈಗ ಎಡಗಾಲಿನ ಮೇಲೆ ಭಾರ ಬಿದ್ದು ಸೊಂಟ ಮೊದಲು ಬಿಚ್ಚಿಕೊಂಡರೆ ಕೈಗಳು ತಾವಾಗಿಯೇ ಮೈಗೆ ಹತ್ತಿರ ಇಳೀತವೆ, ಸ್ಟಿಕ್ ಒಳಗಿನಿಂದ ಬರುತ್ತೆ. ಬಲಭುಜ ಮೊದಲು ಮುಂದೆ ನುಗ್ಗಿದರೆ ಸ್ಟಿಕ್ ಹೊರಗೆ ತಳ್ಳಿಸಿಕೊಳ್ಳುತ್ತೆ, ಅಲ್ಲಿಗೆ ಸ್ಲೈಸ್ ಗ್ಯಾರಂಟಿ. ಮಾವ ಹೇಳಿದ ನಾಲ್ಕು ಪದದಲ್ಲಿ ಇದೆಲ್ಲ ಇತ್ತು.

ಇದು ನಮಗೆ ಗೊತ್ತಿಲ್ಲದ ಚಲನೆಯೇನಲ್ಲ. ಕೆರೆ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕಪ್ಪೆ ಥರ ಕುಪ್ಪಳಿಸೋ ಹಾಗೆ ಎಸೆದಿದ್ದೀರಲ್ಲ, ಅದನ್ನು ನಿಧಾನವಾಗಿ ಮಾಡಿ ನೋಡಿ. ಮುಂದಿನ ಕಾಲು ನೆಲಕ್ಕೆ ಊರುತ್ತೆ, ಸೊಂಟ ತಿರುಗುತ್ತೆ, ಮೊಣಕೈ ಪಕ್ಕೆಯ ಹತ್ತಿರ ಬರುತ್ತೆ, ಕೊನೆಗೆ ಮಣಿಕಟ್ಟು. ಫಾಸ್ಟ್ ಬೌಲರ್ ಮಾಡೋದೂ ಇದೇ ಕ್ರಮದಲ್ಲಿ.

ಮಿನಿ ಪ್ರಾಜೆಕ್ಟಿಗೆ ಇದನ್ನೇ ತಗೊಂಡ್ವಿ. ಎಂಪಿಯು 6050 ಸೆನ್ಸರ್ ಎರಡು, ಒಂದು ಬೆಲ್ಟಿಗೆ, ಒಂದು ಎಡ ಮುಂಗೈಗೆ. ಸ್ಟಿಕ್ಕಿಗೆ ಕಟ್ಟಲಿಲ್ಲ, ಆ ಸೆನ್ಸರ್ ಅಳೆಯೋದು ಸೆಕೆಂಡಿಗೆ 2000 ಡಿಗ್ರಿವರೆಗೆ ಮಾತ್ರ, ಸ್ಟಿಕ್ ಅದನ್ನು ಮೀರಿಬಿಡಬಹುದು. ಮಾವನ ಗ್ರಾಫ್‌ನಲ್ಲಿ ಸೊಂಟದ ಶಿಖರ ಮೊದಲು ಬಂತು. ಅದು ಇಳಿಯೋಕೆ ಶುರುವಾದ ಮೇಲೆ ಕೈಯದ್ದು ಎದ್ದಿತು. ನನ್ನ ಗ್ರಾಫ್‌ನಲ್ಲಿ ಎರಡೂ ಹೆಗಲ ಮೇಲೆ ಕೈ ಹಾಕಿಕೊಂಡು ಒಟ್ಟಿಗೇ ಬಂದಿದ್ದವು. ಸೊಂಟದ ವೇಗ ಇಳಿಯುವಾಗ ಅದರ ಶಕ್ತಿ ಕೈಗೆ, ಕೈಯ ವೇಗ ಇಳಿಯುವಾಗ ಸ್ಟಿಕ್ಕಿಗೆ ದಾಟುತ್ತೆ. ಸ್ವಿಂಗನ್ನು ಜೋಡಿ ಲೋಲಕದ ಹಾಗೆ ನೋಡಬಹುದು ಅಂತ ಕಾಕ್ರನ್ ಮತ್ತು ಸ್ಟಾಬ್ಸ್ ಅನ್ನುವವರು 1968ರಷ್ಟು ಹಿಂದೆಯೇ ಒಂದು ಪುಸ್ತಕದಲ್ಲಿ ವಿವರಿಸಿದ್ದಾರೆ. ಮಾವ ಅದನ್ನು ಓದಿಲ್ಲ. ಸಾವಿರಾರು ಜನರ ಬೀಸನ್ನು ಹಿಂದೆ ನಿಂತು ನೋಡಿದ್ದಾರೆ, ಅಷ್ಟೇ.

ರಿವ್ಯೂ ಚೆನ್ನಾಗೇ ಆಯ್ತು. ಸ್ಪೈರಲ್ ಬೈಂಡ್ ಮಾಡಿಸಿದ ವರದಿಯ ಒಂದು ಪ್ರತಿ ಮಾವನಿಗೆ ಕೊಟ್ಟೆ. ಅವರು ಒಂದೊಂದೇ ಹಾಳೆ ತಿರುವಿದರು. ಗ್ರಾಫ್ ಹತ್ತಿರ ನಿಂತು ಕೇಳಿದರು, “ಚೆನ್ನಾಗೈತೆ ಅಳಿಯ. ಇದ್ರಲ್ಲಿ ನಾನು ಹೇಳಿದ್ದು ಎಲ್ಲೈತೆ?” ವರದಿಯೆಲ್ಲ ಇಂಗ್ಲಿಷು. ಅದರ ನಿಯಮದ ಪ್ರಕಾರ ಅವರ ಹೆಸರಿನ ಜಾಗದಲ್ಲಿ ‘ಸಬ್ಜೆಕ್ಟ್ 1’ ಅಂತಿತ್ತು. ಓದಿ ಹೇಳಿದೆ, ತಲೆಯಾಡಿಸಿದರು. ನಮ್ಮ ಕನ್ನಡ ಸಂಘದವರು ಲೇಖನ ಕೇಳಿದಾಗ ಇದನ್ನೇ ಬರೆಯಬೇಕು ಅನ್ನಿಸಿದ್ದು ಆ ಪ್ರಶ್ನೆಯಿಂದ. ಇಡೀ ಪ್ರಾಜೆಕ್ಟ್ ಎದ್ದು ನಿಂತದ್ದು ಅವರ ಒಂದು ಕನ್ನಡ ವಾಕ್ಯದ ಮೇಲೆ. ಅವರಿಗೆ ಓದಿಕೊಳ್ಳೋಕೆ ಆಗುವ ಭಾಷೆಯಲ್ಲಿ ಅದು ಒಂದು ಕಡೆಯಾದರೂ ಇರಬೇಕಲ್ವಾ?

ಕ್ಯಾಡಿಗಳ ಈ ತಿಳಿವಳಿಕೆ ಎಷ್ಟು ದೂರ ಹೋಗಬಲ್ಲದು ಅನ್ನೋದಕ್ಕೆ ಸಾಕ್ಷಿಯೂ ಇದೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಮಾವ ಆ ಗೆಲುವನ್ನು ಈಗಲೂ ನಿನ್ನೆ ಆದ ಹಾಗೆ ಹೇಳ್ತಾರೆ.

ಪ್ರಯತ್ನಿಸಬೇಕು ಅನ್ನಿಸಿದವರಿಗೆ ಮಾವನ ಎರಡು ಪಾಠ. ಒಂದು, ಖಾಲಿ ನೀರಿನ ಬಾಟಲಿ. ಅದನ್ನು ಚೆಂಡಿಗಿಂತ ಒಂದಡಿ ಹಿಂದೆ, ನಿಮ್ಮಿಂದ ಸ್ವಲ್ಪ ಆಚೆಗೆ ಇಡಿ. ಸ್ಟಿಕ್ ಹೊರಗಿನಿಂದ ಬಂದರೆ ಬಾಟಲಿ ಹಾರುತ್ತೆ, ಒಳಗಿನಿಂದ ಬಂದರೆ ನಿಂತಿರುತ್ತೆ. ಎರಡು, ಕಾಲು ಜೋಡಿಸಿ ನಿಂತು ಸ್ಟಿಕ್ ಎತ್ತಿ, ಮೊದಲು ಎಡಗಾಲನ್ನು ಗುರಿಯ ಕಡೆ ಒಂದು ಹೆಜ್ಜೆ ಇಟ್ಟು, ಆಮೇಲೆ ಬೀಸಿ. ಶುರುವಿಗೆ ಅರ್ಧ ಜೋರು ಸಾಕು. ಮೈ ಬೆಚ್ಚಗಾಗದೆ ತಿರುಚಿದರೆ ನಡು ಹಿಡಿಯುತ್ತೆ. ಫೋನ್‌ನಲ್ಲಿ ಸ್ಲೋ ಮೋಷನ್ ಹಾಕಿ ಬೆಲ್ಟಿನ ಬಕಲ್ ನೋಡಿ: ಚೆಂಡಿಗೆ ತಾಗುವ ಹೊತ್ತಿಗೆ ಅದು ಗುರಿಯ ಕಡೆ ತಿರುಗಿರಬೇಕು.

ನನ್ನ ಬಕಲ್ ಈಗ ಅರ್ಧ ದಾರಿಗೆ ಬಂದಿದೆ. ಐದರಲ್ಲಿ ಮೂರು ಸಲ ಬಾಟಲಿ ನಿಂತಿರುತ್ತೆ. ಸ್ಟಿಕ್ ಇಲ್ಲದವರು ಹಾಸ್ಟೆಲ್ ಟೆರೇಸಿನಲ್ಲಿ ಉದ್ದ ಹಿಡಿಯ ಪೊರಕೆಯಿಂದಲೂ ಶುರು ಮಾಡಬಹುದು, ವಾರ್ಡನ್ ನೋಡದಿದ್ದರೆ.