ಕಳ್ಳಖಾನೆಯ ರೇಟು

ಶಿವಾರಪಟ್ಟಣದ ಯಾವುದಾದರೂ ಒಂದು ಅಂಗಳ ಎಂದಿಟ್ಟುಕೊಳ್ಳಿ. ಮಾಲೂರು ತಾಲ್ಲೂಕಿನ ಈ ಊರಲ್ಲಿ ಒಂದು ಅಂಗಳ ನೋಡಿದರೆ ಹತ್ತು ನೋಡಿದ ಹಾಗೆ. ಅರ್ಧ ಕೆತ್ತಿ ನಿಲ್ಲಿಸಿದ ದೇವರು, ಕಾಲಿಗೆ ಚುಚ್ಚುವ ಕಲ್ಲಿನ ಚೂರು, ತಲೆಗೂದಲಿಗೆ ಅಕಾಲದ ಮುಪ್ಪು ತರುವ ಬೂದು ಧೂಳು. ಬೆಂಗಳೂರಿನ ದಂಪತಿಗಳು ಕಾರಿನಿಂದಿಳಿದು ಗೃಹಪ್ರವೇಶಕ್ಕೆ ಮಾಡಿಸಿದ ಗಣಪತಿಯನ್ನು ಪರೀಕ್ಷಿಸುತ್ತಿದ್ದಾರೆ. ಸೊಂಡಿಲಿನ ತುದಿಯಿಂದ ಪೀಠದವರೆಗೆ ಬೆರಳಾಡಿಸಿ, ಮೊಬೈಲಿನ ದೀಪ ಹಿಡಿದು ನೋಡಿ ಆಯಿತು. ಕೂದಲೆಳೆಯ ಬಿರುಕೂ ಇಲ್ಲ. ಭಿನ್ನವಾದ ವಿಗ್ರಹ ಪೂಜೆಗೆ ಬಾರದಲ್ಲ!

ಅಷ್ಟರಲ್ಲಿ ಆಕೆಯ ಕಣ್ಣು ಮೂಲೆಗೆ ಹೋಗುತ್ತದೆ. ಅಲ್ಲೊಂದು ಗಿಡ್ಡ ಪೆಟ್ಟಿಗೆ. ಮುಚ್ಚಳ ಇಳಿಜಾರು, ಒಂದು ಮೂಲೆ ಕಿತ್ತುಹೋಗಿದೆ, ಮೈಮೇಲೆಲ್ಲ ಮಸಿಯ ಕಲೆ.

‘ಇದು ಎಷ್ಟು ಹಳೇದು?’

‘ಅದಾ ಅಮ್ಮಾ? ಉಳಿ ಇಕ್ಕೋ ಪೆಟ್ಟಿಗೆ. ತಾತನ ಕಾಲದ್ದು.’

‘ಕೊಡ್ತೀರಾ?’

ಹೊಸ ದೇವರಲ್ಲಿ ಒಂದು ಗೀರನ್ನೂ ಸಹಿಸದವರು ಹಳೆಯ ಪೆಟ್ಟಿಗೆಯ ಗೀರುಗಳನ್ನು ಆಭರಣದಂತೆ ಎಣಿಸುವುದು ನೋಡುವವರಿಗೆ ಸಣ್ಣ ಕಿರಿಕಿರಿ. ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಈ ಪೆಟ್ಟಿಗೆಗೆ ‘ಆಂಟಿಕ್’ ಎಂಬ ಬಿರುದು ಸಿಗುತ್ತದೆ. ಇಂಥದ್ದೇ ಪೆಟ್ಟಿಗೆ ಅವರ ಅಜ್ಜಿಯ ಮನೆಯಲ್ಲೂ ಇತ್ತು, ಗುಜರಿಯವನಿಗೆ ಹೋಯಿತು ಎಂಬುದು ಬೇರೆ ಮಾತು. ಹಳೆಯದು ಬೇಕು, ಆದರೆ ಬೇರೆಯವರ ಮನೆಯದಾಗಿರಬೇಕು.

ಬೇಕೇ ಬೇಕೆನ್ನುವವರು ನೋಡಿ ಕೊಳ್ಳುವುದಾದರೂ ಒಳ್ಳೆಯದು. ಹಳೆಯ ಮೇಜಿನ ಮುಖ ನೋಡಬಾರದು, ಡ್ರಾಯರ್ ಎಳೆದು ಅದರ ಬೆನ್ನು ನೋಡಬೇಕು. ಮುಖಕ್ಕೆ ಪಾಲಿಷ್ ಬಳಿದವನು ಬೆನ್ನಿನ ತಂಟೆಗೆ ಹೋಗಿರುವುದಿಲ್ಲ. ಹಲಗೆಗಳ ಮೂಲೆಗಳು ಪಾರಿವಾಳದ ಬಾಲದ ಆಕಾರದ ಕಚ್ಚುಗಳಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆಯೇ, ಆ ಕಚ್ಚುಗಳು ಒಂದೊಂದೂ ತುಸು ಬೇರೆಯೇ ಎಂದು ನೋಡಬೇಕು. ಎಲ್ಲವೂ ಅಚ್ಚೊತ್ತಿದ ಹಾಗಿದ್ದರೆ ಅದು ಯಂತ್ರದ ಕೆಲಸ. ಗರಗಸದ ಗುರುತು ನೇರ ಗೆರೆಯಾಗಿದ್ದರೆ ಕೈಯಲ್ಲಿ ಕೊಯ್ದದ್ದಿರಬಹುದು. ಬಿಲ್ಲಿನಂತೆ ಬಾಗಿದ್ದರೆ ಅದು ತಿರುಗುವ ಗರಗಸದ ಹಲ್ಲು. ಡ್ರಾಯರಿನ ತಳಕ್ಕೆ ಪ್ಲೈವುಡ್ ಹಾಕಿ ‘ಟಿಪ್ಪು ಕಾಲದ್ದು ಸಾರ್’ ಎಂದರೆ ಚಹಾ ಕುಡಿದು ಎದ್ದು ಬರುವುದು. ನಾಲ್ಕು ಮೂಲೆಯ ಸ್ಟಾರ್ ಸ್ಕ್ರೂ ಕಂಡರಂತೂ ಚಹಾವೂ ಬೇಡ. ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಹಳೆಯ ಮೇಜಿಗೆ ಆಮೇಲೆ ಯಾರೋ ರಿಪೇರಿಯಲ್ಲಿ ಜಡಿದದ್ದೂ ಇರಬಹುದು, ಆದರೆ ಆ ವಾದವನ್ನು ಮಾರುವವನೇ ಮಂಡಿಸಲಿ.

ಕುಟ್ಟೆ ಹಿಡಿದಿದೆಯೇ ಎನ್ನುವುದು ಇನ್ನೊಂದು ಪರೀಕ್ಷೆ. ಸಣ್ಣ ತೂತುಗಳಿದ್ದರೆ ಗಾಬರಿಯಾಗಬೇಕಿಲ್ಲ, ಹುಳು ಎಂದೋ ಹಾರಿಹೋಗಿರಬಹುದು. ಮೇಜನ್ನು ತಟ್ಟಿದಾಗ ನೆಲಕ್ಕೆ ಹೊಸ ಹುಡಿ ಉದುರಿದರೆ ಮಾತ್ರ ಬಾಡಿಗೆದಾರರು ಇನ್ನೂ ಒಳಗಿದ್ದಾರೆ ಎಂದರ್ಥ. ಪಾಲಿಷ್ ಹಳೆಯದೋ ಎಂದು ತಿಳಿಯಲು ಕಾಣದ ಜಾಗದಲ್ಲಿ ಸ್ಪಿರಿಟ್ ಹಚ್ಚಿದ ಹತ್ತಿ ಉಜ್ಜಿದರೆ ಸಾಕು, ಅರಗಿನ ಪಾಲಿಷ್ ಅಂಟಂಟಾಗುತ್ತದೆ, ಇಂದಿನ ಮೆಲಮೈನ್ ಜಗ್ಗುವುದಿಲ್ಲ. ಕಟ್ಟಡದಿಂದ ಕಿತ್ತು ತಂದ ಕೆತ್ತನೆಯ ಬಾಗಿಲುವಾಡವನ್ನು ಮೇಜಾಗಿಸಿ ಮಾರುವವರಿದ್ದರೆ 1972ರ ಪ್ರಾಚ್ಯವಸ್ತು ಕಾಯಿದೆ ನೆನಪಿರಲಿ. ನೂರು ವರ್ಷ ದಾಟಿದ ಅಂಥ ವಸ್ತು ಅದರ ವ್ಯಾಪ್ತಿಗೆ ಬರುತ್ತದೆ. ವಿದೇಶದ ಮಗನ ಮನೆಗೆ ಸಾಗಿಸುವ ಆಸೆ ಬಿಟ್ಟುಬಿಡುವುದು.

ಈ ಸೀಮೆಯಲ್ಲಿ ಹಳೆಯ ಮೇಜಿಗೆ ಸುಲಭದ ಜಾತಕವೊಂದಿದೆ: ‘ಕೆಜಿಎಫ್ ದೊರೆಗಳ ಬಂಗಲೆಯದು.’ ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಗಣಿಗೆ ಕಾಲಿಟ್ಟದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿದದ್ದು, 2001ರಲ್ಲಿ ಗಣಿ ಮುಚ್ಚಿದ್ದು ನಿಜ. ಬಂಗಲೆಗಳಲ್ಲಿ ಮೇಜುಗಳಿದ್ದದ್ದೂ ನಿಜವಿರಬೇಕು. ಆದರೆ ಹೀಗೆ ಹೇಳಿ ಮಾರುವ ಮೇಜುಗಳೆಲ್ಲ ಅಲ್ಲಿಯವೇ ಆಗಿದ್ದರೆ ದೊರೆಗಳು ಚಿನ್ನಕ್ಕಿಂತ ಹೆಚ್ಚಾಗಿ ತೇಗವನ್ನೇ ಅಗೆದಿರಬೇಕು. ಶ್ರೀನಿವಾಸಪುರದ ಮಾವಿನಹಣ್ಣಿನ ಪೆಟ್ಟಿಗೆಗೂ ಒಂದು ಕೋಟು ವಾರ್ನಿಷ್ ಬಳಿದು ‘ವಿಂಟೇಜ್ ಶೆಲ್ಫ್’ ಎನ್ನುವ ಕಾಲ ದೂರವಿಲ್ಲ. ಬಹುಶಃ ಬಂದೇ ಬಿಟ್ಟಿದೆ.

ಇಷ್ಟಕ್ಕೂ ಮೂಲೆಯ ಆ ಗಿಡ್ಡ ಪೆಟ್ಟಿಗೆ ಯಾರದ್ದು?

ನೆಲದ ಮೇಲೆ ಚಕ್ಕಳಮಕ್ಕಳ ಕೂತು ಬರೆಯುವವರಿಗಾಗಿ ಮಾಡಿದ್ದು ಅದು. ಅಂಗಡಿಯ ಸಾಹುಕಾರನದೂ ಇರಬಹುದು, ಊರ ಶಾನುಭೋಗರದೂ ಇರಬಹುದು. ತೆಲುಗು ಕನ್ನಡ ಕಲೆತ ಈ ಭಾಗದಲ್ಲಿ ‘ಕರಣಂ’ ಅಂದರೂ ಅವರೇ. ನಮ್ಮ ನಾಡಿನಲ್ಲಿ ಬರಹ ಬಹುಕಾಲ ನೆಲದ ಮೇಲೆಯೇ ನಡೆದದ್ದು. ಕುರ್ಚಿಯೂ ಮೇಜೂ ಹೊರಗಿನಿಂದ ಬಂದ ಮಾತುಗಳು, ಪೆಟ್ಟಿಗೆ ಮನೆಯದು. ಇಳಿಜಾರು ಮುಚ್ಚಳದ ಮೇಲೆ ಲೆಕ್ಕದ ಪುಸ್ತಕ, ಒಳಗೆ ಮಸಿಕುಡಿಕೆ, ಲೆಕ್ಕಣಿಕೆ, ಎಲೆಯಡಿಕೆ, ಊರಿನವರೆಲ್ಲರ ಜಮೀನು. ದೂರದ ಅಮೆರಿಕದಲ್ಲಿ ಥಾಮಸ್ ಜೆಫರ್ಸನ್ 1776ರ ಸ್ವಾತಂತ್ರ್ಯ ಘೋಷಣೆಯನ್ನು ಬರೆದದ್ದೂ ಇಂಥದ್ದೇ ಒಂದು ಪುಟ್ಟ ಇಳಿಜಾರು ಪೆಟ್ಟಿಗೆಯ ಮೇಲೆ. ಅದು ಈಗ ವಸ್ತುಸಂಗ್ರಹಾಲಯದಲ್ಲಿದೆ. ಇದರೊಳಗೆ ಉಳಿಗಳಿವೆ.

ಕಾಗದಕ್ಕೆ ಮುಂಚೆ ಇಂಥ ಲೆಕ್ಕಗಳಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸುತ್ತಿದ್ದರು. ಆ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬಿಳಿಯ ಅಕ್ಷರ. ಬೇಲೂರು ಹಳೇಬೀಡುಗಳನ್ನು ಕೆತ್ತಿದ್ದೂ ಬಳಪದ ಕಲ್ಲಿನಲ್ಲೇ. ಒಂದೇ ಜಾತಿಯ ಕಲ್ಲು ಶಿಲ್ಪಿಯ ಕೈಯಲ್ಲಿ ಮದನಿಕೆಯಾಯಿತು, ಶಾನುಭೋಗರ ಕೈಯಲ್ಲಿ ಕಂದಾಯದ ಬಾಕಿಯಾಯಿತು. ಒಂದೇ ವ್ಯತ್ಯಾಸ, ಮದನಿಕೆಯನ್ನು ಅಂಗೈಯಿಂದ ಒರೆಸಿ ತಿದ್ದಲು ಬರುವುದಿಲ್ಲ. ಕಡತವನ್ನು ಒರೆಸಬಹುದಿತ್ತು. ಹಳ್ಳಿಯವರು ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದದ್ದಕ್ಕೆ ಇದೂ ಒಂದು ಕಾರಣ ಎನ್ನಬೇಕು.

ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂತು. ಲೆಕ್ಕದ ಪುಸ್ತಕಗಳು ಸಂಬಳದ ಗ್ರಾಮಲೆಕ್ಕಿಗರ ಕೈಗೆ ಹೋದವು, ಪೆಟ್ಟಿಗೆಗಳು ಅಟ್ಟ ಸೇರಿದವು. 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ‘ಕಡತ’ ಎಂಬ ಮಾತು ಮಾತ್ರ ಸಾಯಲಿಲ್ಲ. ಹುಣಸೆಬೀಜದ ಅಂಟನ್ನು ಕಂಡೇ ಇರದ ಗುಮಾಸ್ತರೂ ಇವತ್ತು ಕಡತ ವಿಲೇವಾರಿ ಮಾಡುತ್ತಾರೆ.

ಬಟ್ಟೆಯಿಂದ ಹೊರಟು ಊರೆಲ್ಲ ಸುತ್ತಿದ ಮಾತು ಇನ್ನೊಂದಿದೆ, ಬೀರು. ಫ್ರೆಂಚರ ‘ಬ್ಯೂರೋ’ ಮೊದಲು ಒಂದು ಒರಟು ಉಣ್ಣೆಬಟ್ಟೆ. ಆ ಬಟ್ಟೆಯನ್ನು ಬರೆಯುವ ಮೇಜಿಗೆ ಹಾಸಿದರು, ಮೇಜೇ ಬ್ಯೂರೋ ಆಯಿತು. ಮೇಜಿರುವ ಕೋಣೆ, ಆಮೇಲೆ ಇಡೀ ಕಚೇರಿ ಬ್ಯೂರೋ ಆಯಿತು. ನಮ್ಮಲ್ಲಿಗೆ ಬರುವಾಗ ಅದು ಎದ್ದು ನಿಂತು ಕಪಾಟಾಯಿತು. ಬೀಗದ ಕಂಪನಿಯಾಗಿ 1897ರಲ್ಲಿ ಶುರುವಾದ ಗೋದ್ರೆಜ್ 1923ರಲ್ಲಿ ಉಕ್ಕಿನ ಬೀರುವಿಗೆ ಕೈಹಾಕಿದ ಮೇಲೆ ಮದುಮಗಳ ಜೊತೆ ಅದೂ ಲಾರಿ ಹತ್ತತೊಡಗಿತು. ಈಗ ಅದರೊಳಗೆ ಏನಿದೆ? ರೇಷ್ಮೆ ಸೀರೆ. ಬಟ್ಟೆಯಿಂದ ಹೊರಟದ್ದು ಬಟ್ಟೆಗೇ ಬಂತು, ನಡುವೆ ನುಸಿಗುಳಿಗೆಯ ವಾಸನೆ ಮಾತ್ರ ಹೆಚ್ಚಾಯಿತು.

ಬೀರು ಬಿಟ್ಟು ಟ್ರಂಕಿಗೆ ಬಂದರೆ, ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಬಗ್ಗೆ ಒಂದು ಮಾತು ಪ್ರಚಾರದಲ್ಲಿದೆ. ಸರ್ಕಾರ ಕೊಟ್ಟ ಚೆಕ್ಕುಗಳನ್ನು ಅವರು ನಗದು ಮಾಡಿಸದೆ ಟ್ರಂಕಿನಲ್ಲಿ ಹಾಕಿಟ್ಟಿದ್ದರು, ಅವರು ತೀರಿಕೊಂಡ ಮೇಲೆ ಅವು ಸಿಕ್ಕವು ಎನ್ನುತ್ತಾರೆ. ಹಳೆಯ ಸಾಮಾನಿನ ಅಂಗಡಿಗಳಲ್ಲಿ ತಗಡಿನ ಟ್ರಂಕಿಗೆ ಈಗಲೂ ಅಂಥ ಬೆಲೆಯೇನಿಲ್ಲ. ಹಿತ್ತಾಳೆ ಪಟ್ಟಿ ಇದ್ದರೆ ಚೌಕಾಸಿಗೆ ಸ್ವಲ್ಪ ಜಾಗ.

ಅಂಗಳದಲ್ಲಿ ಚೌಕಾಸಿ ಇನ್ನೂ ಮುಗಿದಿಲ್ಲ. ಆಕೆ ಮಂಡಿಯೂರಿ ಮುಚ್ಚಳ ಎತ್ತುತ್ತಾಳೆ. ಉಳಿಗಳನ್ನು ಗೋಣಿಯ ಮೇಲೆ ಸುರಿದದ್ದಾಯಿತು. ಗಂಡ ಡಿಕ್ಕಿಯ ಅಗಲವನ್ನು ಗೇಣು ಹಾಕಿ ಅಳೆಯುತ್ತಿದ್ದಾನೆ. ಗಣಪತಿ ಹುಲ್ಲು ಸುತ್ತಿಸಿಕೊಂಡು ಮೊದಲೇ ಅಲ್ಲಿ ಕೂತಾಗಿದೆ.

‘ಇಂಥದ್ರಲ್ಲಿ ಕಳ್ಳಖಾನೆ ಇರುತ್ತಂತಲ್ಲ?’

‘ಐತಮ್ಮಾ. ನಮ್ಮ ತಾತನ ಕೈಲೂ ಆಗಲಿಲ್ಲ ತೆಗೆಯೋಕ್ಕೆ. ಅದಕ್ಕೇನಿಕ್ತೀರಾ, ಹೇಳಿ.’