ಗುಡ್ಡದ ಮೇಲೊಂದು ಗೆರೆ

ಇಲ್ಲಿ ಏನಾದರೂ ಬರೆದು ತುಂಬಾ ದಿನವಾಯ್ತು. ಆಫೀಸು, ಮಗಳ ಪರೀಕ್ಷೆ, ಊರಲ್ಲಿ ಅಪ್ಪನ ಮಂಡಿನೋವು ಅಂತ ನೆಪಗಳು ಬೇಕಾದಷ್ಟಿವೆ. ನಿಜ ಹೇಳಬೇಕಂದ್ರೆ, ಬರೀಬೇಕು ಅಂದುಕೊಂಡಿದ್ದ ವಿಷಯವೇ ಸ್ವಲ್ಪ ಮುಜುಗರದ್ದು. ತಪ್ಪು ನನ್ನದೇ. ಅದಕ್ಕೇ ಮುಂದೂಡುತ್ತಾ ಬಂದೆ.

ನನ್ನ ಊರು ಶಿಡ್ಲಘಟ್ಟ. ಅಪ್ಪನದು ರೇಷ್ಮೆ ನೂಲು ತೆಗೆಯೋ ಕೆಲಸ. ಮನೆಯಲ್ಲಿ ಯಾವಾಗಲೂ ಬೇಯಿಸಿದ ಗೂಡಿನ ವಾಸನೆ. ಅದರಿಂದ ತಪ್ಪಿಸಿಕೊಳ್ಳೋಕೆ ಮಾಳಿಗೆ ಹತ್ತಿದರೆ ದೂರದಲ್ಲಿ ಪಡುವಣಕ್ಕೆ ನಂದಿ ಸಾಲು ಕಾಣೋದು. ಹೈಸ್ಕೂಲಲ್ಲಿ ಇದ್ದಾಗ ಅಪ್ಪನ ಅಟ್ಲಾಸ್ ಸೈಕಲ್ಲಲ್ಲಿ ಮೂರು ಜನ ಹುಡುಗರು, ಮನೆಯಲ್ಲಿ ಹೇಳದೆ, ನಂದಿಗೆ ಹೊರಟಿದ್ವಿ. ಬುಡ ಮುಟ್ಟೋ ಹೊತ್ತಿಗೆ ಚೈನು ಕಡಿದುಹೋಯ್ತು. ವಾಪಸ್ಸು ಸೈಕಲ್ ತಳ್ಳಿಕೊಂಡು ಬಂದಿದ್ದು, ಆಮೇಲೆ ಬಿದ್ದ ಏಟು, ಎರಡೂ ಇನ್ನೂ ಮರೆತಿಲ್ಲ.

ಬೆಂಗಳೂರು ಸೇರಿ, ಸಂಬಳ ಬಂದು, ಕೊನೆಗೂ ಒಂದು ಮೌಂಟನ್ ಬೈಕ್ ಕೊಂಡೆ. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್. ಬೆಲೆ ಕೇಳಿ ಅಪ್ಪ, "ಈ ದುಡ್ಡಿಗೆ ಒಂದು ಸೀಮೆ ಹಸು ಬರ್ತಿತ್ತು" ಅಂದರು. ನಂದಿಯ ಟಾರು ರಸ್ತೆಯನ್ನು ಬೆಳಗಿನ ಜಾವ ಹತ್ತೋ ಸೈಕಲ್ಲಿನವರನ್ನು ನೀವೂ ನೋಡಿರ್ತೀರಿ. ನಮಗೆ, ಅಂದರೆ ನಾಲ್ಕೈದು ಜನ ಗೆಳೆಯರಿಗೆ, ಅದು ಬೇಡವಾಗಿತ್ತು. ಬೇಕಾಗಿದ್ದು ಮಣ್ಣಿನ ಕಾಲುದಾರಿ. ಹುಡುಕಿದ್ವಿ, ಸಿಕ್ಕಿತು. ಯಾವ ಗುಡ್ಡ ಅಂತ ಮಾತ್ರ ಇಲ್ಲಿ ಹೇಳೋದಿಲ್ಲ. ಹೇಳಿ ಆಗಿದ್ದೇನು ಅನ್ನೋದೇ ಈ ಬರಹ.

ಅದು ಕುರಿ ಮೇಯಿಸೋರ ದಾರಿ. ಮೇಲೆ ಬಂಡೆ, ಕೆಳಗೆ ಗರಸು ಮಣ್ಣು, ಎರಡೂ ಕಡೆ ಬಾದೆ ಹುಲ್ಲು, ಲಂಟಾನ. ಕುರಿಗಳ ದಾರಿ ಅಡ್ಡಡ್ಡ ಸುತ್ತಿಕೊಂಡು ಇಳಿಯುತ್ತಿತ್ತು. ನಮಗೆ ಅಷ್ಟು ಪುರುಸೊತ್ತೆಲ್ಲಿ? ಸುತ್ತುಗಳನ್ನೆಲ್ಲ ಕತ್ತರಿಸಿ ನೆತ್ತಿಯಿಂದ ಬುಡಕ್ಕೆ ನೇರ ಇಳಿದೆವು. ಆಹಾ, ಆ ಇಳಿಜಾರಿನ ಖುಷಿ! ಆ ಖುಷಿಯಲ್ಲೇ ಸಂಜೆ ಮನೆಗೆ ಬಂದು ಆ ದಾರಿಯ ನಕಾಶೆಯನ್ನು ಸ್ಟ್ರಾವಾದಲ್ಲಿ ಹಾಕಿದೆ. ಜೊತೆಗೆ ಫೋಟೋ, ಜೊತೆಗೆ ಒಂದು ಚೆಂದದ ಹೆಸರು. ಮೂರು ತಿಂಗಳಲ್ಲಿ ಗುರುತೇ ಇಲ್ಲದ ಹುಡುಗರು ಅಲ್ಲಿ ಸಿಗೋಕೆ ಶುರುವಾದರು. ಸೈಕಲ್ಲಿನ ಗೆರೆ ಹಿಡಿದು ಮೋಟಾರ್ ಬೈಕುಗಳೂ ಬಂದವು. ಬಿಸ್ಕತ್ತು ಪೊಟ್ಟಣ, ನೀರಿನ ಬಾಟಲಿ, ಒಂದು ಸಲ ಆರಿಸದೇ ಬಿಟ್ಟ ಬೆಂಕಿ. ಫೆಬ್ರವರಿ, ಮಾರ್ಚಲ್ಲಿ ನಮ್ಮ ಕಡೆ ಗುಡ್ಡಗಳು ಹೇಗೆ ಹೊತ್ತಿಕೊಳ್ತವೆ ಅಂತ ಗೊತ್ತಿದ್ದವರಿಗೆ ಇದು ತಮಾಷೆಯ ಮಾತಲ್ಲ.

ಎರಡು ಮಳೆಗಾಲ ಕಳೆದು ಹೋದಾಗ ಅಲ್ಲೊಬ್ಬ ತಾತ ಸಿಕ್ಕಿದರು. ಹೆಗಲಿಗೆ ಕಂಬಳಿ, ಮುಂದೆ ಮೂವತ್ತು ನಲವತ್ತು ಕುರಿ.

"ಏನಪ್ಪಾ, ನಿಮ್ ಸೈಕಲ್ ದಾರಿ ನೋಡಿದ್ರಾ? ವಂಕ ಆಗೋಗೈತೆ."

ನಮ್ಮ ಕಡೆಯವರಿಗೆ ಗೊತ್ತು, ವಂಕ ಅಂದರೆ ಹಳ್ಳ. ಹೋಗಿ ನೋಡಿದರೆ ನಿಜ. ನಾವು ಬ್ರೇಕ್ ಒತ್ತಿ ಹಿಂದಿನ ಚಕ್ರ ಎಳೆದುಕೊಂಡು ಇಳಿದ ಜಾಗದಲ್ಲೇ ನೀರು ಇಳಿದಿತ್ತು. ಕೆಲವು ಕಡೆ ನನ್ನ ಮೊಣಕಾಲಿನ ಆಳ. ಬುಡದಲ್ಲಿ ಅವರ ಅಣ್ಣನ ಮಗನ ರಾಗಿ ಹೊಲದ ಮೂಲೆಗೆ ಗರಸು ಬಂದು ಕೂತಿತ್ತು. ತಾತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಆಮೇಲೆ ನಾನು ಓದಿಕೊಂಡೆ. ಈ ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿ ಅನ್ನೋ ಕಡೆ. 1976ರಲ್ಲಿ ಅಲ್ಲಿ ರೀಪ್ಯಾಕ್ ಅನ್ನೋ ಇಳಿಜಾರಿನ ರೇಸು ಶುರುವಾಯ್ತು. ತಮಾಷೆ ಏನಂದ್ರೆ, ಆಟ ಹುಟ್ಟಿದ ಆ ನಾಡಲ್ಲೇ ಕಿರಿದಾದ ಕಾಲುದಾರಿಗಳಲ್ಲಿ ಬಹುಪಾಲನ್ನು ಸೈಕಲ್ಲಿಗೆ ಮುಚ್ಚಿಬಿಟ್ಟರು. ಅಂಥ ಜಗಳಗಳ ನಡುವೆಯೇ 1988ರಲ್ಲಿ ಸೈಕಲ್ಲಿನವರು ಒಂದು ಸಂಘ ಕಟ್ಟಿಕೊಂಡು, ದಾರಿ ಹೇಗಿರಬೇಕು ಅಂತ ನಿಯಮ ಬರೆದರು. ಮುಖ್ಯವಾದದ್ದು ಅರ್ಧದ ಲೆಕ್ಕ: ಗುಡ್ಡದ ಇಳಿಜಾರು ನೂರಕ್ಕೆ ಇಪ್ಪತ್ತಿದ್ದರೆ ದಾರಿಯ ಇಳಿಜಾರು ಹತ್ತು ಮೀರಬಾರದು. ಮೀರಿದರೆ ನೀರು ದಾರಿಯನ್ನು ದಾಟಿ ಹೋಗೋ ಬದಲು ದಾರಿಯನ್ನೇ ಹಿಡಿದು ಹೋಗುತ್ತೆ. ದಾರಿ ಸ್ವಲ್ಪ ಹೊರಕ್ಕೆ ವಾಲಿರಬೇಕು, ಅಲ್ಲಲ್ಲಿ ತಗ್ಗಿ ಏಳಬೇಕು, ನೆಲ ಒದ್ದೆ ಇದ್ದಾಗ ಯಾರೂ ಇಳಿಯಬಾರದು. 1994ರಲ್ಲಿ ಮೊಂಟಾನಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಕೊಚ್ಚಿಹೋಗೋ ಹಾಗೆ ಮಣ್ಣು ಸಡಿಲಿಸಿದ್ದರಲ್ಲಿ ಸೈಕಲ್ಲಿಗಿಂತ ಕುದುರೆ, ನಡೆಯೋ ಜನರದೇ ಹೆಚ್ಚು ಅಂತ ಕಂಡಿತ್ತು. ಇದನ್ನು ಓದಿದಾಗ ಒಂದು ಕ್ಷಣ ಸಮಾಧಾನ ಆಯ್ತು. ಆದರೆ ಅದು ಇದ್ದ ದಾರಿಯ ಮಾತು. ಇಲ್ಲದ ದಾರಿ ಮಾಡಿದ ನಮಗೆ ಅದರಲ್ಲಿ ಏನೂ ಸಿಗಲಿಲ್ಲ :-)

ಇದನ್ನೆಲ್ಲ ತಾತನಿಗೆ ಕೈ ಅಡ್ಡ ಹಿಡಿದು ವಿವರಿಸಿದೆ. ಅವರು ಕೇಳಿ, "ಬದು ಹಾಕ್ದಂಗೆ ಅನ್ನು. ಅದಕ್ಕೆ ಇಂಗ್ಲೀಷ್ ಯಾಕೆ?" ಅಂದರು.

ನಂದಿ ಸಾಲನ್ನು ಬರೀ ಮೋಡ ನೋಡೋ ಜಾಗ ಅಂದುಕೊಂಡವರು ಒಂದು ಸಲ ನಕಾಶೆ ನೋಡಬೇಕು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಎಲ್ಲ ಇದೇ ಗುಡ್ಡಗಳ ಮಗ್ಗುಲಲ್ಲಿ ಹುಟ್ತವೆ. ಹಾಗಿದ್ದೂ ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ಹೊಳೆ ಒಂದೂ ಇಲ್ಲ. ಇರೋದೆಲ್ಲ ಕೆರೆ. ಗುಡ್ಡದಿಂದ ಜಾರಿದ ಮಣ್ಣು ಅಲ್ಲಿಗೇ ಹೂಳಾಗಿ ಬರುತ್ತೆ. 2021ರ ಆಗಸ್ಟಿನಲ್ಲಿ ನಂದಿಯಲ್ಲಿ ಮಳೆಗೆ ಗುಡ್ಡ ಜರಿದು ರಸ್ತೆ ಕೊಚ್ಚಿಹೋಗಿ, ಕೆಲವು ತಿಂಗಳು ಯಾರನ್ನೂ ಮೇಲೆ ಬಿಡಲಿಲ್ಲ. ಇದು ಸೈಕಲ್ಲಿನಿಂದ ಆದದ್ದಲ್ಲ, ಹಾಗಂತ ನಾನು ಹೇಳ್ತಾನೂ ಇಲ್ಲ. ಆ ಸುದ್ದಿ ಓದಿದಾಗ ಮಾತ್ರ ನಮ್ಮ ವಂಕ ಕಣ್ಮುಂದೆ ಬಂತು.

ಹಕ್ಕಿಗಳದ್ದು ಬೇರೆ ಕತೆ. ಹಳದಿ ಕೊರಳಿನ ಪಿಕಳಾರ ಅಂತ ಒಂದಿದೆ. ದಕ್ಷಿಣ ಭಾರತದ ಇಂಥ ಬಂಡೆ ಗುಡ್ಡ, ಕುರುಚಲು ಪೊದೆ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಸಿಗಲ್ಲ. ನಂದಿ ಅದನ್ನು ನೋಡೋಕೆ ಹೆಸರಾದ ಜಾಗ. ಅಷ್ಟು ವರ್ಷ ಆ ಪೊದೆಗಳ ಪಕ್ಕದಲ್ಲೇ ಇಳಿದಿದ್ದೀನಿ, ಒಂದು ಸಲವೂ ತಲೆ ಎತ್ತಿ ನೋಡಿರಲಿಲ್ಲ. ಆ ವೇಗದಲ್ಲಿ ಎಲ್ಲಿ ಆಗುತ್ತೆ!

ಮುಂದಿನ ಸಲ ಹೋದಾಗ ಬುಡದಲ್ಲಿ ಕಂದಕ ತೋಡಿ, ಮುಳ್ಳುತಂತಿ ಹಾಕಿದ್ದರು. ಫಾರೆಸ್ಟ್ ಗಾರ್ಡ್ ಒಬ್ಬರು ನಿಂತಿದ್ದರು. "ಸಾರ್, ಓದಿದೋರು ನೀವು. ರಿಸರ್ವ್ ಫಾರೆಸ್ಟ್ ಇದು" ಅಂದರು. 1963ರ ಅರಣ್ಯ ಕಾಯ್ದೆ ಪ್ರಕಾರ ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ನುಗ್ಗೋದು ಅಪರಾಧ. ನನಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತು ಮಾಡಿಕೊಳ್ಳೋಕೆ ಇಷ್ಟ ಇರಲಿಲ್ಲ. ನನಗೆ ಕೇಸು ಬೀಳಲಿಲ್ಲ, ಬುದ್ಧಿಮಾತಲ್ಲೇ ಮುಗೀತು. ತೊಂದರೆ ಆಗಿದ್ದು ತಾತನಿಗೆ. ತಂತಿ ಅವರ ಕುರಿಗಳನ್ನೂ ತಡೆದಿತ್ತು. ಈಗ ಅವರು ಗುಡ್ಡ ಬಳಸಿಕೊಂಡು ಒಂದೂವರೆ ಮೈಲಿ ಹೆಚ್ಚು ನಡೀಬೇಕು.

ಹಾಗಾದ್ರೆ ಸೈಕಲ್ಲಿನವರು ಗುಡ್ಡಕ್ಕೆ ಹೋಗಲೇಬಾರದಾ? ಅಷ್ಟು ದೂರ ನಾನು ಹೋಗಲ್ಲ. ಸ್ಕಂದಗಿರಿಯ ಉದಾಹರಣೆ ಇದೆ. ರಾತ್ರಿ ಹತ್ತೋರ ಹಾವಳಿ ಜಾಸ್ತಿಯಾಗಿ ಇಲಾಖೆ ಅದನ್ನು ನಿಲ್ಲಿಸಿತು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಒಂದೇ ಸಲ ಸಾವಿರಾರು ಜನ ಸೇರಿದ ಮೇಲಂತೂ ಚಾರಣಕ್ಕೆ ಆನ್‌ಲೈನ್ ಬುಕಿಂಗು, ದಿನಕ್ಕೆ ಇಷ್ಟೇ ಜನ ಅನ್ನೋ ಲೆಕ್ಕ ಬಂತು. ಗೊಣಗಿದವರಿದ್ದಾರೆ, ನಾನೂ ಗೊಣಗಿದ್ದೆ. ಆದರೆ ಅದು ನಡೆಯೋರಿಗೆ ಸಿಕ್ಕ ಬಾಗಿಲು. ಸೈಕಲ್ಲಿಗೂ ಅಂಥದ್ದೊಂದು ಬೇಕು: ಒಂದೇ ದಾರಿ, ಬದು ಹಾಕಿದ್ದು, ಮಳೆ ಬಂದರೆ ಬಂದ್, ಬೇಸಿಗೆಯಲ್ಲಿ ಬೆಂಕಿ ಕಾಯೋಕೆ ನಾವೇ ಹಾಜರು. ದುಡ್ಡು ಕೊಡೋಕೂ ತಯಾರು. ಹೊಲದವರು, ಕುರಿಯವರು ಬೇಡ ಅಂದರೆ ಬೇಡ.

ಇದನ್ನೇ ಕನ್ನಡದಲ್ಲಿ ಎರಡು ಪುಟ ಅರ್ಜಿ ಬರೆದು ಕೊಟ್ಟು ಬಂದೆ. ಕುರಿಗಳಿಗೆ ತಂತಿಯಲ್ಲಿ ಒಂದು ಗಂಡಿ ಬಿಡಿ ಅನ್ನೋದನ್ನು ಮೊದಲನೇ ಸಾಲಲ್ಲೇ ಬರೆದೆ. ಉತ್ತರ ಬಂದಿಲ್ಲ. ಸ್ಟ್ರಾವಾದಿಂದ ದಾರಿ ಅಳಿಸಿದೆ. ಇಳಿಸಿಕೊಂಡವರ ಫೋನುಗಳಿಂದ ಅಳಿಸೋದು ಹೇಗೆ?

ಅರ್ಜಿಗೆ ಕಾಯದೆ ಗಾರ್ಡ್ ಹತ್ತಿರ ಒಂದು ಕೇಳಿದೆ, ಆ ಕೊರಕಲನ್ನಾದರೂ ಮುಚ್ಚೋಕೆ ಬಿಡಿ ಅಂತ. ಮೇಲಿನವರನ್ನು ಕೇಳಿ ಎರಡು ವಾರದ ಮೇಲೆ ಹೂಂ ಅಂದರು. ಸೈಕಲ್ ತರೋ ಹಾಗಿಲ್ಲ, ಅವರೂ ಜೊತೆಯಲ್ಲಿರ್ತಾರೆ. ಏಪ್ರಿಲ್ ಬಿಸಿಲಲ್ಲಿ ನಾವು ಮೂವರು ಗೆಳೆಯರು, ಗಾರ್ಡ್, ತಾತ ಸೇರಿ ಕಲ್ಲು ಹೊತ್ತು ನಾಲ್ಕು ಅಡ್ಡಕಟ್ಟೆ ಕಟ್ಟಿದ್ವಿ, ಮೇಲೆ ಲಂಟಾನ ಕಡಿದು ಹಾಸಿದ್ವಿ. ತಾತ ಕೂತಲ್ಲಿಂದಲೇ ಮೇಸ್ತ್ರಿ. ನಾನಿಟ್ಟ ಕಲ್ಲುಗಳಲ್ಲಿ ಅರ್ಧಕ್ಕರ್ಧ ತೆಗೆಸಿ ಮತ್ತೆ ಇಡಿಸಿದರು.

ಮೊದಲ ದೊಡ್ಡ ಮಳೆ ಆದ ಮರುದಿನವೇ ಹೋಗಿದ್ದೆ. ಮೂರು ಕಟ್ಟೆ ನಿಂತಿವೆ, ಹಿಂದೆ ಒಂದು ಗೇಣು ಮಣ್ಣು ಕೂತಿದೆ. ನಾಲ್ಕನೆಯದರ ಪಕ್ಕದಲ್ಲಿ ನೀರು ಬೇರೆ ದಾರಿ ಮಾಡಿಕೊಂಡು ಹೋಗಿದೆ. ತಾತ ಕೋಲಿಂದ ಅದನ್ನು ಕೆದಕಿ ನೋಡಿ, "ಭಾನುವಾರ ಬರುವಾಗ ಹಾರೆ ತಗಂಬಾ" ಅಂದರು.