ಏಳು ಅಂಗುಲದ ಬೆಲೆ

2024ರ ಬೇಸಗೆಯಲ್ಲಿ ಮಗಳ ಮನೆಗೆಂದು ಸಪತ್ನೀಕರಾಗಿ ಲಂಡನ್ನಿಗೆ ಹೋಗುವ ಪ್ರಸಂಗ ನಮಗೊದಗಿತು. ಟಿಕೆಟ್ ಕೊಳ್ಳುವಾಗ ಅಳಿಯಂದಿರು ದೂರವಾಣಿಯಲ್ಲಿ, “ಮಾವನವರೇ, ಸ್ವಲ್ಪ ಹೆಚ್ಚಿಗೆ ಕೊಟ್ಟರೆ ಕಾಲು ಚಾಚುವಷ್ಟು ಜಾಗ ಸಿಗತದ. ಅತ್ತೆಯವರಿಗೆ ಮೊಣಕಾಲು ನೋವು ಬ್ಯಾರೆ” ಎಂದರು. ಮಠದ ಪ್ರಸಾದನಿಲಯದಲ್ಲಿ ಚಾಪೆಯ ಮೇಲೆ ಮಲಗಿ ಓದಿದ ದೇಹ ನಮ್ಮದು. “ಕುಳಿತು ಹೋಗುವುದಕ್ಕೂ ಸುಖಾಸನವೇ?” ಎಂದು ನಕ್ಕು, ಆಸನವನ್ನು ಮೊದಲೇ ಆರಿಸಿಕೊಳ್ಳುವ ಶುಲ್ಕವನ್ನೂ ತೆರದೆ ಹೊರಟೆವು.

ಶುಲ್ಕ ತೆರದವರಿಗೆ ಉಳಿದ ಆಸನಗಳೇ ಗತಿ. ನಮಗೊಂದು ಸಾಲು, ನಮ್ಮ ಮನೆಯವರಿಗೆ ನಾಲ್ಕು ಸಾಲು ಹಿಂದೆ. ಇಬ್ಬರಿಗೂ ನಡುವಿನ ಆಸನ. ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು 8,000 ಕಿಲೋಮೀಟರು. ಹತ್ತು ಗಂಟೆಗೂ ಮೀರಿದ ಪಯಣ. ನಾವು ಓದಿದೆವು, ನಿದ್ರಿಸಿದೆವು. ಒಮ್ಮೆಯೂ ಎದ್ದು ಹೋಗಿ ಅವರನ್ನು ವಿಚಾರಿಸಲಿಲ್ಲ. ಹೀಥ್ರೋದಲ್ಲಿ ಎಲ್ಲರೂ ಇಳಿದ ಮೇಲೂ ಅವರು ಏಳಲಾರದೆ ಕುಳಿತಿದ್ದರು. ಪಾದಗಳು ಬಾತಿದ್ದವು. ಪಕ್ಕದವರ ನಿದ್ದೆ ಕೆಡಬಾರದೆಂದು ದಾರಿಯುದ್ದಕ್ಕೂ ಮೇಲೆದ್ದಿರಲಿಲ್ಲ. ಗಾಲಿಕುರ್ಚಿ ಬಂದಿತು; ಅಲ್ಲಿ ಆ ಸೇವೆಗೆ ಶುಲ್ಕವಿಲ್ಲ. ಅದರ ಹಿಂದೆ ನಡೆಯುತ್ತಿದ್ದ ನಮಗೆ ತಲೆಯೆತ್ತಲಾಗಲಿಲ್ಲ. ಕಷ್ಟವನ್ನು ತಾನು ಸಹಿಸಿದರೆ ಅದು ನಿಯಮ. ಇನ್ನೊಬ್ಬರ ಮೇಲೆ ಹೊರಿಸಿದರೆ ಅದು ಹಮ್ಮು.

ಮರಳುವ ಮುನ್ನ ಅಳಿಯಂದಿರೊಡನೆ ಕುಳಿತು ಲೆಕ್ಕ ಹಾಕಿದೆವು. ತುರ್ತು ಬಾಗಿಲ ಬಳಿಯ ಸಾಲಿನಲ್ಲಿ ಕಾಲಿಗೆ ಎಡೆ ಹೆಚ್ಚು, ಅಧಿಕ ಶುಲ್ಕವೂ ಮಿತ. ಆದರೆ ಆಪತ್ತಿನಲ್ಲಿ ಬಾಗಿಲು ತೆರೆಯಲು ನೆರವಾಗಬಲ್ಲ ಶಕ್ತರಿಗಷ್ಟೇ ಆ ಸಾಲು. ನಡೆಯಲು ಕಷ್ಟಪಡುವವರಿಗೆ ಸಲ್ಲದು. ಸಾಮಾನ್ಯ ವರ್ಗಕ್ಕೂ ಬಿಸಿನೆಸ್ ವರ್ಗಕ್ಕೂ ನಡುವೆ ಪ್ರೀಮಿಯಂ ಎಕಾನಮಿ ಎಂಬ ವರ್ಗವುಂಟು. 1990ರ ದಶಕದ ಆದಿಯಲ್ಲಿ ತೈವಾನಿನ ಈವಾ ಏರ್, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಸಂಸ್ಥೆಗಳು ಇದನ್ನು ರೂಢಿಗೆ ತಂದವು. ಸಾಮಾನ್ಯ ವರ್ಗದಲ್ಲಿ ಒಂದು ಆಸನದಿಂದ ಮುಂದಿನ ಆಸನಕ್ಕೆ ಸುಮಾರು 31 ಅಂಗುಲದ ಅಂತರವಾದರೆ, ಇಲ್ಲಿ ಹಲವು ವಿಮಾನಗಳಲ್ಲಿ 38 ಅಂಗುಲ. ಹೆಚ್ಚುವುದು ಏಳೇ ಅಂಗುಲ. ಅದರ ಬೆಲೆ ಕೇಳಿ ಎದೆ ಝಲ್ಲೆಂದರೂ ಇಬ್ಬರಿಗೂ ತೆತ್ತೆವು.

ವಿಮಾನದ ಸದ್ದು ಮೊದಲಿನಂತೆಯೇ ಇತ್ತು. ಮುಂದೆ ಕುಳಿತವರು, ಹಿಂದೆ ಕುಳಿತವರು ಒಟ್ಟಿಗೇ ಬೆಂಗಳೂರು ತಲುಪಿದರು. ಆದರೆ ನಮ್ಮ ಮನೆಯವರು ಕಾಲು ನೀಡಿ ಮೂರು ಗಂಟೆ ನಿದ್ರಿಸಿದರು. ಆಸನ ಅಗಲವಾದ ಮಾತ್ರಕ್ಕೆ ಅಲುಗಾಡದೆ ಕೂರಲಾಗದು. ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ತಿಳಿಸಿದೆ. ಸಂಭವ ಅಲ್ಪವೇ, ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ. ಆದರೂ ಎಚ್ಚರ ಲೇಸು. ಬಸ್ಸು, ರೈಲುಗಳಲ್ಲಿ ಬಹುಕಾಲ ಕೂರುವವರಿಗೂ ಈ ಮಾತು ಅನ್ವಯಿಸುತ್ತದೆ. ಈ ಬಾರಿ ನಾವು ಆಗಾಗ ಎದ್ದು, ಅವರ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿದೆವು.

“ಹೋಗುವಾಗಲೇ ಹೇಳಬಾರದಿತ್ತೇ?” ಎಂದು ಕೇಳಿದೆವು. ಅವರು ನಕ್ಕು, “ನಿಮ್ಮ ವೈರಾಗ್ಯ ನನ್ನ ಮೊಣಕಾಲಿಗೆ ಎಲ್ಲಿ ತಿಳೀಬೇಕು?” ಎಂದರು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಗಂಟೆಯೊಪ್ಪತ್ತಿನ ಹಾರಾಟಕ್ಕೆ ಇಂಥ ವೆಚ್ಚ ಬೇಡ. ಆದರೆ ದಾರಿ ದೂರವಾಗಿ, ಜೊತೆಯಲ್ಲಿ ನೋವುಳ್ಳವರಿದ್ದರೆ, ಓದುಗ ಬಂಧುಗಳು ಟಿಕೆಟ್ ಕೊಳ್ಳುವ ಮುನ್ನ ಅವರನ್ನೊಮ್ಮೆ ಕೇಳಬೇಕು. ನಾವು ಕೇಳಿರಲಿಲ್ಲ.